ಗರಗದ ರಸ

ಅಂಗೈಯಲ್ಲಿ ಉಜ್ಜಿದ ಎಲೆ ಹಸಿರಾಗಿಯೇ ಉಳಿಯಿತು. ಕೂದಲು ಕಪ್ಪಾಗಿಸುವ ಗರಗದ ಸೊಪ್ಪಲ್ಲ. ಸುಗಲಾಬಾಯಿ ಅದನ್ನು ಎಸೆದು, ಜಾಗೀರದಾರರ ಕುಂಟೆಯ ನೀರಿನಂಚಿನ ಹಸಿ ಹುಲ್ಲಿನೊಳಗೆ ಇನ್ನಷ್ಟು ಕೆಳಗಿಳಿದಳು. ಅಂಗಿಯ ಗುಂಡಿಯಷ್ಟೇ ಅಗಲದ ಬಿಳಿ ಹೂವು, ಎದುರುಬದುರಾಗಿ ಜೋಡಿ ಎಲೆ, ಮುಟ್ಟಿದರೆ ಒರಟು. ಕಿತ್ತು ಉಜ್ಜಿದಳು. ಸ್ವಲ್ಪ ಹೊತ್ತಿಗೆ ಅಂಗೈಯ ಗೆರೆಗಳು ಮಸಿ ಬಳಿದಂತೆ ಕಪ್ಪಾದವು. ಇದೇ.

ಸಿಕ್ಕಿತಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

ಮುಂಜಾನೆ ಗಂಡ ತುಳಜಪ್ಪ ಕುರಿಹಟ್ಟಿಯ ಮುಂದೆ ನಿಂತು, ಅವಳ ಮುಖ ನೋಡದೆ ಹೇಳಿದ್ದ. "ಬಶೀರಾಬಾದಿಗಿ ಹುಡುಗಿ ನೋಡಾಕ ಹೊಂಟೀನಿ. ತಲಿ ಬೆಳ್ಳಗಾಗ್ಯಾದ. ಗರಗದ ಗುರ್ತು ನಿನಗದ, ಹೋಗಿ ತಗೊಂಡು ಬಾ."

ಹೆತ್ತ ಎರಡು ಕೂಸುಗಳನ್ನೂ ಮಣ್ಣಿಗೆ ಕೊಟ್ಟವಳು ಅವಳು. ಎರಡನೇ ಮದುವೆಯ ಸುದ್ದಿಯನ್ನು ಓಣಿಯ ಹೆಂಗಸರಿಂದ ಕೇಳಿದ್ದಳು. ಅವನ ಬಾಯಿಂದ ಕೇಳಿದ್ದು ಇದೇ ಮೊದಲು.

"ನನ್ನ ತಲಿನೂ ಬೆಳ್ಳಗಾಗ್ಯಾದರಿ," ಎಂದಿದ್ದಳು.

"ನಿನ್ನ ಯಾರು ನೋಡಾಕ ಬರ್ತಾರ?"

ಉಣ್ಣೆ ಹಿಂಜುತ್ತ ಕೂತಿದ್ದ ಅತ್ತೆ ಸುಭದ್ರಮ್ಮ ತಲೆ ಎತ್ತಿರಲಿಲ್ಲ.

ಮನೆಗೆ ಬಂದವಳೇ ಸೊಪ್ಪನ್ನು ಕಲ್ಲಿನ ಮೇಲೆ ಹಾಕಿ ಜಜ್ಜಿದಳು. ಅಂಗಳದಲ್ಲಿದ್ದ ಕೋಳಿಗಳು ದೂರ ಸರಿದವು. ಅಷ್ಟು ಜೋರಾಗಿ ಜಜ್ಜಬೇಕಿರಲಿಲ್ಲ. ಹಿಂಡಿದ ರಸ ಇನ್ನೂ ಹಸಿರಾಗಿತ್ತು. ತುಳಜಪ್ಪ ಬಂದು ಮುಂದೆ ಕೂತ.

"ಕಣ್ಣು ಮುಚ್ಚರಿ. ಉರೀತದ."

ತಲೆಗೆ ಹಚ್ಚಿದಳು. ಅಲ್ಲಿಗೇ ನಿಲ್ಲಿಸಲಿಲ್ಲ. ಹಣೆಗೆ, ಎರಡೂ ಕಿವಿಗೆ, ಕತ್ತಿನ ಹಿಂದೆ, ನೆಲಕ್ಕೆ ಸಗಣಿ ಸಾರಿಸುವವಳಂತೆ ಕೈತುಂಬ ಬಳಿದಳು.

"ತಣ್ಣಗ ಆತು ನೋಡು," ಎಂದ ಅವನು. "ಕನ್ನಡಿ ತಾ."

"ಕನ್ನಡಿ ಯಾಕ್ರಿ, ನಾ ನೋಡಾಕತ್ತೀನಲ್ಲ. ಬಣ್ಣ ಹಿಡೀಬೇಕಂದ್ರ ತೊಳೀಬಾರದು. ರುಮಾಲು ಹೆಗಲ ಮ್ಯಾಲ ಇರ್ಲಿ, ಬಿಸಲಾಗ ನಡದ್ರ ತಾನೇ ಒಣಗ್ತದ."

ಅವನು ಹೊಸ ಧೋತರ ಸರಿಪಡಿಸಿಕೊಂಡು ಹೊರಟ. ಓಣಿಯ ತುದಿ ಮುಟ್ಟುವ ಹೊತ್ತಿಗೆ ಕಿವಿಗಳೂ ಕತ್ತೂ ಕಪ್ಪೇರತೊಡಗಿದ್ದವು. ಎದುರಿಗೆ ಬಂದ ಇಬ್ಬರು ನಿಂತು ತಿರುಗಿ ನೋಡಿದರು. ಅವನು ಅದನ್ನು ಮೆಚ್ಚುಗೆ ಎಂದುಕೊಂಡನೋ ಏನೋ, ಎದೆ ಮುಂದೆ ಮಾಡಿ ನಡೆದ.

ಬಾಗಿಲಿಗೆ ಬಂದ ಸುಭದ್ರಮ್ಮ ಮಗನ ಬೆನ್ನು ನೋಡಿದಳು. ಕೂಗಲು ಬಾಯಿ ತೆರೆದಳು. ತಿರುಗಿ ಸೊಸೆಯನ್ನು ನೋಡಿದಳು. ಸುಗಲಾಬಾಯಿ ಕಣ್ಣು ತಗ್ಗಿಸಲಿಲ್ಲ. ಅತ್ತೆ ಏನಾದರೂ ಅನ್ನಲಿ ಎಂದೇ ಕಾದು ನಿಂತಿದ್ದಳು.

ಮುದುಕಿ ಅಂಗಳದ ಬಾಗಿಲು ಮುಂದಕ್ಕೆ ಎಳೆದು, ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು.

"ಕೈ ಮುಂದ ಮಾಡು," ಎಂದು ಸೊಸೆಯ ಕಪ್ಪಾದ ಅಂಗೈ ಮೇಲೆ ನಿಧಾನಕ್ಕೆ ಸುರಿಯತೊಡಗಿದಳು.