ಅಟ್ಟಣಿಗೆಯ ನೆರಳು

ಕೆಮ್ಮು ಗಂಟಲಿಗೆ ಬಂದು ಕೂತಿತ್ತು. ಹೊನ್ನಪ್ಪ ಅಟ್ಟಣಿಗೆಯ ಮೇಲೆ ಬೋರಲಾಗಿ ಮಲಗಿ, ತಲೆಗೆ ಸುತ್ತಿದ್ದ ಕೆಂಪು ವಲ್ಲಿಯ ತುದಿಯನ್ನು ಬಾಯಿಗೆ ತುರುಕಿಕೊಂಡು, ಉಸಿರನ್ನು ಚೂರುಚೂರೇ ಬಿಡುತ್ತಿದ್ದ. ಹಾಳಾದ ಕೆಮ್ಮು, ವಾರವೆಲ್ಲ ಇಲ್ಲದ್ದು ಈಗಲೇ ಬರಬೇಕೆ! ಎದೆಯ ಕೆಳಗಿನ ಎರಡು ಹಲಗೆಗಳ ನಡುವೆ ಬೆರಳಗಲದ ಸಂದಿತ್ತು. ಆ ಸಂದಿಯಲ್ಲಿ, ಒಂದಾಳುದ್ದ ಕೆಳಗೆ, ಮರಳಿನಲ್ಲಿ ಕಾಲು ಮಡಚಿ ಮಲಗಿದ್ದ ಗಂಡು ಚಿಗರೆಯ ಬೆನ್ನು ಕಾಣುತ್ತಿತ್ತು. ಅದರ ಪಕ್ಕೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಎಡಗೊಂಬಿನ ತುದಿ ಮುರಿದಿತ್ತು.

ಅದೇ, ಅನುಮಾನವೇ ಇಲ್ಲ. ನಲವತ್ತು ದಿನಗಳಿಂದ ಅವನು ದುರ್ಬೀನು ಹಿಡಿದು ಹುಡುಕುತ್ತಿದ್ದುದು ಇದೇ ಮುರುಕು ಕೊಂಬಿನ ಚಿಗರೆಯನ್ನು. ಈ ಸುಡುಬೇಸಿಗೆಯಲ್ಲಿ ಅದು ಮಧ್ಯಾಹ್ನ ಎಲ್ಲಿ ಮಲಗುತ್ತದೆ ಎಂದು ಪತ್ತೆ ಮಾಡಿ ಹೇಳುವುದೇ ಅವನ ಕೆಲಸ. ಅರಬ್ ಧಣಿಯ ಬೇಲಿಯೊಳಗಿನ ಮರಳುಗಾಡನ್ನೆಲ್ಲ ತುಳಿದು ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಅದು ನೋಡಿದರೆ ಇವನ ಹೊಟ್ಟೆಯ ಕೆಳಗೇ ಬಂದು ಮಲಗಿತ್ತು!

ಅಟ್ಟಣಿಗೆ ಅವನೇ ಕಟ್ಟಿದ್ದು. ರಾಣೆಬೆನ್ನೂರಿನ ಕಡೆ ಶೇಂಗಾ ಹೊಲ ಕಾಯಲು ಅಪ್ಪ ಕಟ್ಟುತ್ತಿದ್ದನಲ್ಲ, ಅದೇ ರೀತಿ. ನಾಲ್ಕು ಕಬ್ಬಿಣದ ಪೈಪು ನೆಟ್ಟು, ಹಲಗೆ ಹಾಸಿ, ಮೇಲೆ ಖರ್ಜೂರದ ಗರಿಯ ಚಪ್ಪರ ಹೊದಿಸಿ, ಪಡುವಣ ಬದಿಗೆ ನೆಲದವರೆಗೂ ಗರಿ ಇಳಿಬಿಟ್ಟಿದ್ದ. ಹೊಲದ ಅಟ್ಟಣಿಗೆ ಎಂದರೆ ಚಿಗರೆಗಳನ್ನು ಓಡಿಸುವುದಕ್ಕೆ. ಅದನ್ನು ಕಂಡರೆ ಅವು ದೂರವೇ ಇರುತ್ತವೆ ಎಂಬುದು ಅವನ ಎಲುಬಿನಲ್ಲಿ ಕೂತ ಮಾತು. ಹಾಗಾಗಿ ಕೆಳಗೆ ಬಿದ್ದಿರುತ್ತಿದ್ದ ಹಿಕ್ಕೆಗಳನ್ನು ಕಂಡಾಗಲೆಲ್ಲ ಕ್ಯಾಂಪಿನ ಆಡುಗಳಿಗೆ ಬೈಯುತ್ತಿದ್ದ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಬಂದು ಅವನನ್ನು ಊಟಕ್ಕೆ ಕರೆದೊಯ್ಯುತ್ತಿತ್ತು. ಇವನು ಇಳಿದು ಹೋದ ಮೇಲೆ ಅದು ಬಂದು ಮಲಗುತ್ತಿತ್ತು. ಇವತ್ತು ಜೀಪು ಬರಲಿಲ್ಲ, ಇವನು ಇಳಿಯಲಿಲ್ಲ. ಅಷ್ಟೇ ವ್ಯತ್ಯಾಸ.

ಕೆಮ್ಮು ಕೊನೆಗೂ ಹೊರಬಂತು. ಹಲಗೆಯ ಕೆಳಗೆ ಮರಳು ಸಿಡಿಯಿತು. ಚಿಗರೆ ಐವತ್ತು ಹೆಜ್ಜೆ ಓಡಿ, ನಿಂತು, ತಿರುಗಿ ನೋಡಿತು. ಇನ್ನೂ ಓಡಿಹೋಗುತ್ತದೆ ಎಂದುಕೊಂಡ ಹೊನ್ನಪ್ಪ. ಎಲ್ಲಿಗೆ ಓಡುತ್ತದೆ ಪಾಪ, ಸುತ್ತ ಎಲ್ಲಿ ನೋಡಿದರೂ ಬೆಂಕಿ ಸುರಿದಂಥ ಮರಳು. ಅದು ಅಲ್ಲೇ ಬಿಸಿಲಿನಲ್ಲಿ ಒಂದೊಂದೇ ಕಾಲು ಎತ್ತಿ ಇಡುತ್ತ ನಿಂತಿತು. ಹೊನ್ನಪ್ಪ ಮಿಸುಕಲಿಲ್ಲ. ಬಹಳ ಹೊತ್ತಾದ ಮೇಲೆ ಅದು ಮೆಲ್ಲಗೆ ಬಂದು, ಮುಂಗಾಲಿನಿಂದ ಮರಳು ಕೆದರಿ, ಮತ್ತೆ ಅದೇ ತಗ್ಗಿನಲ್ಲಿ ಮಲಗಿತು.

ಈ ದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಇವನನ್ನು ನಂಬಿ ಒಂದು ಜೀವ ತಾನಾಗಿ ಹತ್ತಿರ ಬಂದದ್ದು ಇದೇ ಮೊದಲು. ಹೊನ್ನಪ್ಪನಿಗೆ ಖುಷಿಯಾಯಿತು, ಆ ಖುಷಿಯ ಬೆನ್ನಿಗೇ ನವೆಂಬರ್ ನೆನಪಾಯಿತು.

ನವೆಂಬರಿನಲ್ಲಿ ಅರಬಾಬನ, ಎಂದರೆ ಆ ಧಣಿಯ, ಅತಿಥಿಗಳು ಬೇಟೆಗೆ ಬರುವವರಿದ್ದರು. ಚಳಿ ಬಿದ್ದರೆ ಚಿಗರೆಗಳು ಎಲ್ಲೆಂದರಲ್ಲಿ ಮೇಯುತ್ತವೆ, ಆದರೆ ದೊಡ್ಡ ಗಂಡು ಮಾತ್ರ ಬೇಸಿಗೆಯೆಲ್ಲ ಮಲಗಿದ ಜಾಗವನ್ನು ಬಿಟ್ಟು ದೂರ ಹೋಗುವುದಿಲ್ಲ. ಆ ಜಾಗ ಗೊತ್ತಿದ್ದರೆ ಗಾಡಿಯನ್ನು ನೇರವಾಗಿ ಅಲ್ಲಿಗೇ ಬಿಡಬಹುದು. ಹೋದ ವರ್ಷ ಪತ್ತೆಗಾರ ತಪ್ಪು ಜಾಗ ತೋರಿಸಿದ. ಅತಿಥಿಗಳು ಮೂರು ದಿನ ಮರಳು ಸುತ್ತಿ ಬರಿಗೈಯಲ್ಲಿ ಹೋದರು. ನಾಲ್ಕನೆಯ ದಿನ ಅರಬಾಬ್ "ಖಲಾಸ್" ಎಂದ. ಸಂಜೆಯೊಳಗೆ ಆ ಮನುಷ್ಯನ ವೀಸಾ ರದ್ದಾಗಿ, ಅವನ ಚಪ್ಪಲಿ ಕೂಡ ಕ್ಯಾಂಪಿನ ಬಾಗಿಲಲ್ಲೇ ಉಳಿಯಿತು.

ಈ ಸಲ ಜಾಗ ತೋರಿಸಿದರೆ ಹೊನ್ನಪ್ಪನಿಗೆ ಎರಡು ತಿಂಗಳ ರಜೆ, ಅರಬಾಬ್ ಇಟ್ಟುಕೊಂಡಿದ್ದ ಪಾಸ್‌ಪೋರ್ಟು ಕೈಗೆ. ಶ್ರಾವಣದಲ್ಲಿ ಕಿರಿಯ ಮಗಳು ಮಧುಮತಿಯ ಮದುವೆ. ಹಿರಿಯವಳ ಮದುವೆಗೆ ಅವನಿಗೆ ರಜೆ ಸಿಕ್ಕಿರಲಿಲ್ಲ. ಆರು ತಿಂಗಳಾದ ಮೇಲೆ ಪೇಟೆಯ ಕರಾಮ ಬಡಾವಣೆಯಲ್ಲಿ ಊರಿನ ಸಿದ್ದೇಶನ ರೂಮಿನಲ್ಲಿ ವಿಡಿಯೋ ಕ್ಯಾಸೆಟ್ ಹಾಕಿಸಿ ನೋಡಿದ್ದ. ಅವನು ನಿಲ್ಲಬೇಕಾದ ಕಡೆ ತಮ್ಮ ನಿಂತು ಧಾರೆ ಎರೆದಿದ್ದ. ಮಗಳು ಒಮ್ಮೆ ತಲೆಯೆತ್ತಿ ನೇರ ಕ್ಯಾಮೆರಾವನ್ನೇ ನೋಡಿದಳು, ಅಷ್ಟರಲ್ಲಿ ಟೇಪು ಸಿಕ್ಕಿಕೊಂಡಿತು. ಸಿದ್ದೇಶ ಪೆನ್ಸಿಲು ತೂರಿಸಿ ಅದನ್ನು ಬಿಡಿಸುವವರೆಗೂ ಹೊನ್ನಪ್ಪ ಗೋಡೆ ಕಡೆ ಮುಖ ಮಾಡಿ ಕೂತಿದ್ದ.

ಮೊನ್ನೆ ಫೋನಿನಲ್ಲಿ ಮಧುಮತಿ ಹೇಳಿದ್ದಳು, "ಅಪ್ಪಾ, ಈ ಸಲ ಕ್ಯಾಸೆಟ್ ಕಳಸಂಗಿಲ್ಲ ನೋಡು. ನೀ ಬಂದ್ರ ಬಾ, ಇಲ್ಲಂದ್ರ ನನ್ನ ಮದುವಿ ನೀ ನೋಡಾಂಗಿಲ್ಲ."

ಸಂಜೆ ಜೀಪು ಬಂತು. ಕ್ಯಾಂಪಿನ ಮ್ಯಾನೇಜರ್ ಕುಂಞಾಲಿ ಕೆಳಗಿಳಿಯದೆ ಅಲ್ಲಿಂದಲೇ ಕೂಗಿದ. ಅವನು ಮಂಗಳೂರಿನ ಕಡೆಯವನು, ಹದಿನೆಂಟು ವರ್ಷದಿಂದ ಅರಬಾಬನ ಹತ್ತಿರ ಇದ್ದ.

"ಏ ಚಿಗರೆಯಪ್ಪಾ, ಸತ್ತಿದ್ದೀಯಾ ಬದುಕಿದ್ದೀಯಾ? ಟಯರ್ ಪಂಕ್ಚರ್ ಆಯ್ತು ಮಾರಾಯ. ಸಿಕ್ಕಿತಾ? ಶುಕ್ರವಾರ ಅರಬಾಬ್ ಬರ್ತಾರೆ. ನಂಗೆ ಎರಡು ದಿನದಿಂದ ಅನ್ನ ಗಂಟಲಲ್ಲಿ ಇಳಿಯುದಿಲ್ಲ."

"ಸಿಕ್ಕೈತಿ ಸಾಹೇಬ್ರ." ಹೊನ್ನಪ್ಪನ ಬಾಯಿಂದ ಮಾತು ತಾನೇ ಹೊರಟಿತು.

"ಅಲ್ಹಮ್ದುಲಿಲ್ಲಾ! ಎಲ್ಲಿ?"

ಅಟ್ಟಣಿಗೆಯ ಕೆಳಗಿನ ತಗ್ಗು ಕುಂಞಾಲಿಯ ಕಣ್ಣೆದುರಿಗೇ ಇತ್ತು. ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ಹೊನ್ನಪ್ಪನ ಬೆರಳು ಮೇಲೆದ್ದದ್ದು ಬಡಗಣ ದಿಕ್ಕಿಗೆ, ದಿಬ್ಬದಾಚೆ ಎರಡು ಮೈಲು ದೂರದಲ್ಲಿದ್ದ ಒಂಟಿ ಮರದ ಕಡೆಗೆ.

"ಅಲ್ಲಿ, ಬನ್ನಿ ಗಿಡದ ಬುಡಕ."

ಅರಬರು ಅದನ್ನು ಗಾಫ್ ಎನ್ನುತ್ತಾರೆ. ಹೊನ್ನಪ್ಪನಿಗೆ ಅದು ಬನ್ನಿಯೇ. ಬಂದ ವರ್ಷ ದಸರೆಯ ದಿನ ಅದರ ನಾಲ್ಕು ಎಲೆ ಕಿತ್ತು ಕುಂಞಾಲಿಯ ಕೈಗೆ ಕೊಟ್ಟು "ಬಂಗಾರದಂಗ ಇರೋಣ್ರಿ" ಎಂದಿದ್ದ. ಕುಂಞಾಲಿ ಎಲೆಗಳನ್ನು ಹಿಡಿದು, ಇದನ್ನು ಏನು ಮಾಡುವುದೆಂದು ತಿಳಿಯದೆ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಈಗ ಅದೇ ಮರದ ಹೆಸರಿನಲ್ಲಿ ಸುಳ್ಳು ಹೇಳಿಬಿಟ್ಟೆನಲ್ಲ ಎಂದು ಹೊನ್ನಪ್ಪ ಚಾಚಿದ್ದ ಬೆರಳನ್ನು ಮಡಚಿಕೊಂಡ. ಹೇಳಿದ್ದಾಗಿತ್ತು.

ಇನ್ನು ಆ ಸುಳ್ಳಿಗೆ ಕೈಕಾಲು ಬರಬೇಕಿತ್ತು. ಗುರುವಾರ ಬೆಳಕು ಹರಿಯುವ ಮುಂಚೆ ಅಟ್ಟಣಿಗೆಯ ಕೆಳಗೆ ಕೂತು ಹಿಕ್ಕೆಗಳನ್ನು ಕೆಂಪು ವಲ್ಲಿಯಲ್ಲಿ ಬಳಿದುಕೊಂಡ. ಗಂಟು ಕಟ್ಟಿ, ಮದುವೆಯ ಅಕ್ಕಿಕಾಳು ಒಯ್ಯುವವನಷ್ಟೇ ಜೋಪಾನವಾಗಿ ಎರಡು ಮೈಲು ನಡೆದ. ಬನ್ನಿಯ ಬುಡದಲ್ಲಿ ಮೊದಲು ಕೈ ಮುಗಿದು, "ತಪ್ಪಾತು ತಾಯಿ, ಹೊಟ್ಟಿಗೆ ಹಾಕ್ಕೊ" ಎಂದ. ಆಮೇಲೆ ಚಿಗರೆ ಕೆದರುವ ಹಾಗೆಯೇ ಎರಡೂ ಕೈಯಿಂದ ಮರಳು ಕೆದರಿ ತಗ್ಗು ಮಾಡಿದ. ತಗ್ಗಿನ ಒಂದು ಬದಿ ಆಳ, ಸೊಂಟ ಊರುವ ಕಡೆ. ಹಿಕ್ಕೆಗಳನ್ನು ಅದರ ಅಂಚಿಗೆ ಉದುರಿಸಿದ. ಎರಡು ಬೆರಳು ಜೋಡಿಸಿ ಒತ್ತಿ ಗೊರಸಿನ ಗುರುತು ಮೂಡಿಸುತ್ತ ದಿಬ್ಬದವರೆಗೂ ಬಗ್ಗಿ ನಡೆದ. ಹಿಂದಿರುಗಿ ನೋಡಿದರೆ ಅವನಿಗೇ ನಂಬಿಕೆ ಬರುವಂತಿತ್ತು. ಹನ್ನೆರಡು ವರ್ಷದವನಿದ್ದಾಗಿನಿಂದ ಕವಣೆ ಹಿಡಿದು ಚಿಗರೆಯ ಹಿಂದೆ ಓಡಿದ್ದರ ಫಲ ಇದು ನೋಡು, ಎಂದು ನಗು ಬಂತು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ತಗ್ಗಿನಲ್ಲಿ ತನ್ನದೇ ಅಂಗೈ ಗುರುತು ಕಾಣುತ್ತಿತ್ತು.

ಶುಕ್ರವಾರ ನಮಾಜು ಮುಗಿಸಿ ಅರಬಾಬ್ ಬಂದ. ಎಪ್ಪತ್ತರ ಮುದುಕ. ಬಿಳಿ ನಿಲುವಂಗಿಯನ್ನು ಮೊಣಕಾಲಿಗೆತ್ತಿ, ಬನ್ನಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಕುಂಞಾಲಿ ಒಂದು ಹೆಜ್ಜೆ ಹಿಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

ಮುದುಕ ಗೊರಸಿನ ಗುರುತಿನ ಮೇಲೆ ಬೆರಳಾಡಿಸಿದ. ತಗ್ಗಿನ ಆಳದ ಕಡೆ ಅಂಗೈ ಇಟ್ಟು ನೋಡಿದ. ಒಂದು ಹಿಕ್ಕೆ ಎತ್ತಿ, ಪುಡಿ ಮಾಡಿ, ಮೂಸಿದ. ತಲೆಯಾಡಿಸಿದ. ಹೊನ್ನಪ್ಪನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮುದುಕನ ಬೆರಳು ಹಿಕ್ಕೆಗಳ ನಡುವಿನಿಂದ ಏನನ್ನೋ ಹೆಕ್ಕಿತು. ಒಣಗಿದ ಖರ್ಜೂರದ ಗರಿಯ ಒಂದು ಸಿಬಿರು, ಕಿರುಬೆರಳುದ್ದದ್ದು.

ಆ ಮರದ ಸುತ್ತ ಎರಡು ಮೈಲಿನಲ್ಲಿ ಒಂದೇ ಒಂದು ಖರ್ಜೂರದ ಗಿಡವಿಲ್ಲ. ಗರಿ ಇದ್ದದ್ದು ಒಂದೇ ಕಡೆ. ವಲ್ಲಿಯಲ್ಲಿ ಹಿಕ್ಕೆ ಬಳಿದುಕೊಳ್ಳುವಾಗ ಚಪ್ಪರದಿಂದ ಉದುರಿದ ಸಿಬಿರೂ ಬಂದುಬಿಟ್ಟಿತ್ತು.

ಮುದುಕ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದ. ಆಮೇಲೆ ತಲೆಯೆತ್ತಿ ತೆಂಕಣ ದಿಬ್ಬದ ಕಡೆ ನೋಡಿದ. ಇಲ್ಲಿಂದ ಅಟ್ಟಣಿಗೆ ಕಾಣುತ್ತಿರಲಿಲ್ಲ. ಆದರೂ ನೋಡಿದ. ಆಮೇಲೆ ಹೊನ್ನಪ್ಪನ ಮುಖ ನೋಡಿ, ಅರಬ್ಬಿಯಲ್ಲಿ ಏನೋ ಕೇಳಿದ.

"ಮಕ್ಕಳೆಷ್ಟು ಅಂತ ಕೇಳ್ತಾರೆ," ಎಂದ ಕುಂಞಾಲಿ.

"ಎರಡು ಹೆಣ್ಣುಮಕ್ಕಳು. ಸಣ್ಣಾಕಿದು ಮದುವಿ ಐತ್ರಿ." ಹೊನ್ನಪ್ಪ ಎರಡು ಬೆರಳು ಎತ್ತಿ ತೋರಿಸಿದ.

ಕುಂಞಾಲಿ ಅದನ್ನು ಅರಬ್ಬಿಯಲ್ಲಿ ಹೇಳಿದ. ಮುದುಕ ಮೊಣಕಾಲು ಹಿಡಿದುಕೊಂಡು ಎದ್ದ.

"ಖಲಾಸ್," ಎಂದ.

ಹೊನ್ನಪ್ಪನ ಕಣ್ಣೆದುರಿಗೆ ಮಧುಮತಿಯ ಮುಖ ಬಂತು, ಕ್ಯಾಂಪಿನ ಬಾಗಿಲಲ್ಲಿ ಉಳಿದ ಆ ಚಪ್ಪಲಿಯೂ ಬಂತು. ಮರಳಿನ ಮೇಲೆ ಕೂತೇಬಿಡುತ್ತಿದ್ದನೇನೋ, ಕುಂಞಾಲಿ ಅವನ ರಟ್ಟೆ ಹಿಡಿದು ಅಲುಗಿಸಿದ.

"ಎಂತ ಹೀಗೆ ನೋಡುದು? ಕೆಲಸ ಮುಗೀತು, ಪಾಸ್‌ಪೋರ್ಟ್ ಕೊಡು ಅಂತ ಹೇಳಿದ್ರು ಮಾರಾಯ! ಭಾನುವಾರದ ಟಿಕೇಟು. ಹೋಗು, ಮಗಳ ಮದುವೆ ಮಾಡು."

ಗಾಡಿ ಹತ್ತಿದ ಅರಬಾಬ್ ಕಿಟಕಿಯ ಗಾಜು ಇಳಿಸಿ ಕುಂಞಾಲಿಗೆ ಮತ್ತೇನೋ ಹೇಳಿದ. ಹೇಳುವಾಗ ಅವನ ಕೈಯಲ್ಲಿ ಆ ಸಿಬಿರು ಇನ್ನೂ ಇತ್ತು. ಗಾಡಿ ಧೂಳೆಬ್ಬಿಸಿ ಹೋಯಿತು.

"ಏನಂದ್ರು ಸಾಹೇಬ್ರ?"

"ಅದೇನೋಪ್ಪ. ನಿನ್ನ ಆ ಚಪ್ಪರ ಉದುರ್ತಾ ಉಂಟಂತೆ. ಊರಿಗೆ ಹೋಗುವ ಮುಂಚೆ ಹೊಸ ಗರಿ ಕಟ್ಟಿ ಹೋಗು ಅಂದ್ರು." ಕುಂಞಾಲಿ ತಲೆ ಕೆರೆದುಕೊಂಡ. "ಅವರು ಈ ಸಲ ಆ ಕಡೆ ಹೋಗಲೇ ಇಲ್ಲ ಅಲ್ವಾ? ಹೇಗೆ ಗೊತ್ತಾಯ್ತು?"

ಹೊನ್ನಪ್ಪ ಜೀಪಿನ ಕಡೆ ನಡೆದ.

ಶನಿವಾರ ಅವನು ಗರಿಯ ಹೊರೆಯನ್ನು ಅಟ್ಟಣಿಗೆಗೆ ಹೊತ್ತ. ಪಾಸ್‌ಪೋರ್ಟು ಅಂಗಿಯ ಒಳಕಿಸೆಯಲ್ಲಿತ್ತು, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಸಂತೋಷಪಡಬೇಕಾಗಿತ್ತು. ಆದರೆ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಮುದುಕನಿಗೆ ಗೊತ್ತಾಗಿದೆ, ಖಂಡಿತ ಗೊತ್ತಾಗಿದೆ. ಗೊತ್ತಾಗಿಯೂ ಈ ನೆರಳನ್ನು ಉಳಿಸು ಎಂದನಲ್ಲ, ಅದು ಚಿಗರೆ ಬದುಕಲಿ ಎಂದೋ, ನವೆಂಬರಿನವರೆಗೆ ಇಲ್ಲಿಂದ ಕದಲದಿರಲಿ ಎಂದೋ? ಗರಿ ಕಟ್ಟಿದರೆ ಅದನ್ನು ಬಂದೂಕಿನ ಬಾಯಿಗೆ ತಾನೇ ಕಟ್ಟಿಹಾಕಿದಂತಾಗಬಹುದು. ಕಟ್ಟದೆ ಹೋದರೆ ಆಗಸ್ಟಿನ ಬಿಸಿಲಿಗೆ ಅದು ಮಲಗುವುದೆಲ್ಲಿ?

ತಲೆಗೆ ಸುತ್ತಿದ್ದ ಕೆಂಪು ವಲ್ಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಊರಲ್ಲಿ ಹೊಲದ ಬದುವಿನ ಮೇಲೆ ಇಂಥ ಒಂದು ಕೆಂಪು ಚಿಂದಿ ಕಟ್ಟಿದರೆ ಸಾಕು, ಚಿಗರೆಗಳು ಆ ದಿಕ್ಕಿಗೇ ಸುಳಿಯುತ್ತಿರಲಿಲ್ಲ. ಪೈಪಿಗೆ ಕಟ್ಟಲೆಂದು ಒಂದು ಸುತ್ತು ಸುತ್ತಿದ. ಗಾಳಿಗೆ ವಲ್ಲಿ ಪಟಪಟ ಎಂದಿತು.

ಹಿಂದೆ ಏನೋ ಅಲುಗಾಡಿದಂತಾಗಿ ತಿರುಗಿದ. ಐವತ್ತು ಹೆಜ್ಜೆ ದೂರದಲ್ಲಿ ಮುರುಕು ಕೊಂಬಿನ ಚಿಗರೆ ಬಂದು ನಿಂತಿತ್ತು. ಹನ್ನೊಂದು ದಾಟಿತ್ತು, ಅದರ ಹೊತ್ತಾಗಿತ್ತು.

ಹೊನ್ನಪ್ಪ ವಲ್ಲಿಯನ್ನು ಬಿಚ್ಚಿ ಮಡಚಿ, ಪಾಸ್‌ಪೋರ್ಟಿನ ಜೊತೆಗೆ ಒಳಕಿಸೆಗೆ ಸೇರಿಸಿದ.

"ಅಕ್ಟೋಬರಿಗೆ ಬರ್ತೀನಿ," ಎಂದ, ಚಿಗರೆಗೋ ತನಗೋ. "ಆವಾಗ ಓಡಸ್ತೀನಿ ನಿನ್ನ. ಅಲ್ಲೀತನಕ ಇರು."

ಪಡುವಣ ಬದಿಗೆ ಹೊಸ ಗರಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಗ್ಗ ಬಿಗಿದು ಕಟ್ಟತೊಡಗಿದ. ಗಂಟು ಒಂದು ಸಲಕ್ಕೆ ಕೂರುತ್ತಿರಲಿಲ್ಲ, ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಅವನು ಕೆಳಗಿಳಿದು ಹೋಗುವುದನ್ನೇ ಕಾಯುತ್ತ ಚಿಗರೆ ಬಿಸಿಲಿನಲ್ಲಿ ಒಂದೊಂದೇ ಕಾಲು ಎತ್ತಿ ಇಡುತ್ತ ನಿಂತಿತ್ತು.