ಕೆನೆ ಬಣ್ಣ, ಮರಳು ಬಣ್ಣ

ಗೋಡೆಯ ಬಿರುಕಿಗೆ ಗಾರೆ ಮೆತ್ತಿದ್ದರಿಂದ ಕೋಣೆಗೆ ಬಣ್ಣ ಬಳಿಸಲೇಬೇಕಾಯಿತು. ಪೇಂಟರ್ ಎರಡು ಚೌಕ ಬಳಿದು ಒಣಗಲು ಬಿಟ್ಟ. ಒಂದು ಕೆನೆ ಬಣ್ಣ, ಇನ್ನೊಂದು ಮರಳು ಬಣ್ಣ. ಅಕ್ಕತಂಗಿಯರ ಹಾಗಿದ್ದವು, ಕೆನೆ ತುಸು ತಿಳಿ, ಮರಳಿನಲ್ಲಿ ತುಸು ಕಂದು, ಅಷ್ಟೆ.

"ಮರಳೇ ಇರಲಿ ಅಪ್ಪ, ಕಲೆ ಕಾಣಲ್ಲ," ಎಂದಳು ಮಗಳು.

"ನನಗೆ ಕೆನೆ ಬೇಕು."

"ಹುಟ್ಟಿದಾಗಿಂದ ಒಂದು ಅಂಗಿ ಆರಿಸಿದವನಲ್ಲ ನೀನು. ಅಮ್ಮ ಕೊಟ್ಟಿದ್ದನ್ನ ತೊಟ್ಕೊಂಡೆ. ಈಗ ನೋಡಿ ಇವರ ಠೀವಿ!"

ಪೇಂಟರ್ ನಕ್ಕ. ನಾನೂ ನಕ್ಕೆ.

ಕಿಟಕಿ ಪಕ್ಕದ ಬೆಂಚಿನ ಹಿಂದೆ ಗೋಡೆಯ ಮೇಲೆ ಎಣ್ಣೆಯ ಗುರುತಿತ್ತು. ನನ್ನ ಹೆಂಡತಿ ಸಂಜೆಯ ಪ್ರಾರ್ಥನೆ ಮುಗಿಸಿ, ಎಣ್ಣೆ ಹಚ್ಚಿದ ತಲೆಯನ್ನು ಅಲ್ಲಿಗೇ ಒರಗಿಸುತ್ತಿದ್ದಳು. ಗೋಡೆ ಹಾಳಾಯಿತೆಂದು ಗೊಣಗಿದರೆ, "ಗೋಡೆಗೂ ಸ್ವಲ್ಪ ತಂಪಾಗಲಿ ಬಿಡಿ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬಟ್ಟೆಬರೆ ಹಂಚಿದೆವು, ಮಂಚ ಕೊಟ್ಟೆವು. ಉಳಿದದ್ದು ಆ ಗುರುತೊಂದೇ. ಮೂಗು ಹತ್ತಿರ ಒಯ್ದರೆ ಅವಳ ವಾಸನೆ ಇನ್ನೂ ಇತ್ತು.

"ಇದನ್ನ ಸೋಪು ಹಾಕಿ ತೊಳೆದು ಪ್ರೈಮರ್ ಹೊಡೀಬೇಕು. ಹಾಗೇ ಬಳಿದ್ರೆ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತೆ," ಎಂದು ಪೇಂಟರ್ ಮೊದಲ ದಿನವೇ ಹೇಳಿದ್ದ. ಆ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮಗಳು ಒಳಗೆ ಹೋದಾಗ ಅವನನ್ನು ಮೆಲ್ಲಗೆ ಕೇಳಿದೆ: "ಎಣ್ಣೆ ಮತ್ತೆ ಬಂದ್ರೆ ಯಾವುದರ ಮೇಲೆ ಚೆನ್ನಾಗಿ ಕಾಣುತ್ತೆ?"

"ಕೆನೆ ಮೇಲೆ. ಯಾಕೆ?"

"ಹಾಗಿದ್ರೆ ಅದನ್ನೇ ಬಳಿಯಪ್ಪ. ತೊಳೀಬೇಡ."

ಅವನು ಗುರುತನ್ನು ನೋಡಿದ, ಬೆಂಚನ್ನು ನೋಡಿದ. "ನನ್ನ ಹೆಸರು ಕೆಡುತ್ತೆ ಯಜಮಾನ್ರೇ," ಎಂದ. ಆಮೇಲೆ ಸೋಪಿನ ನೀರನ್ನು ಬಚ್ಚಲಿಗೆ ಚೆಲ್ಲಿ ಬಂದ.

ಕೆನೆ ಬಳಿದ ದಿನದಿಂದ ಆ ಗೋಡೆಗೆ ಎದುರಾಗಿಯೇ ಜಪಕ್ಕೆ ಕೂತೆ. ಬಾಯಲ್ಲಿ ದೇವರ ಹೆಸರು, ಕಣ್ಣು ಗೋಡೆಯ ಮೇಲೆ. ಆ ದೇವರೇ ಕ್ಷಮಿಸಲಿ.

ಒಂದು ಬೆಳಿಗ್ಗೆ, ಅದೇ ಎತ್ತರದಲ್ಲಿ, ಅಂಗೈಯಗಲದ ಮಬ್ಬು ಮೂಡಿತ್ತು. ಬಂದಳು ಎಂದುಕೊಂಡೆ. ಜಪ ಅರ್ಧಕ್ಕೇ ಬಿಟ್ಟು ಎದ್ದೆ. ಬೆಂಚಿನ ಮೇಲೆ ಮಂಡಿಯೂರಿ ಗೋಡೆಗೆ ಮುಖವೊತ್ತಿದೆ.

ಬಣ್ಣದ ವಾಸನೆ. ಇನ್ನೊಮ್ಮೆ ಉಸಿರೆಳೆದೆ. ಬರೀ ಬಣ್ಣದ ವಾಸನೆ.

ಹಿಂದೆ ಮಗಳ ದನಿ: "ನೋಡು, ಆಗಲೇ ಕಲೆ ಬಂತು! ಮರಳು ಬಳಿಸೋಣ ಅಂದ್ರೆ ಕೇಳಿದ್ಯಾ?"

ನಾನು ತಿರುಗಲಿಲ್ಲ. "ಹೌದಮ್ಮ," ಎಂದೆ ಗೋಡೆಗೇ, "ನಿನ್ನ ಮಾತು ಕೇಳಬೇಕಿತ್ತು."