ಮಡಚಿದ ಗೊರಸು

ಸೂಜಿಯ ತುದಿಗೆ ಏನೋ ತಗುಲಿತು, ಕಲ್ಲಾದರೆ ಹೀಗೆ ನಯವಾಗಿ ಜಾರುವುದಿಲ್ಲ, ಉದುರಿದ ಚೂರೊಂದನ್ನು ಅವಳು ನಾಲಿಗೆಗೆ ಮುಟ್ಟಿಸಿದಳು, ಅಂಟಿಕೊಂಡಿತು, ಹಾಗಾದರೆ ಮೂಳೆಯೇ, ಮ್ಯೂಸಿಯಮ್ಮಿನ ಈ ಹಿಂದಿನ ಕೋಣೆಗೆ ಸೇರಿದಾಗ ಮೇಲ್ವಿಚಾರಕರು ಕಲಿಸಿದ ಮೊದಲ ಪಾಠ ಅದು, ಎರಡನೆಯದು, ಅವಸರ ಬೇಡ ಕಣಮ್ಮ, ಕೋಟಿ ವರ್ಷ ಕಾದಿದ್ದು ಇನ್ನೊಂದು ಗಂಟೆ ಕಾಯುತ್ತೆ — ಕಾಯುತ್ತೆ, ಬೆಳಗಿನಿಂದ ತನಗೆ ತಾನೇ ಅದನ್ನೇ ಹೇಳಿಕೊಳ್ಳುತ್ತಿದ್ದಾಳೆ, ಈಗ ಒದೆಯುತ್ತೆ, ಇಗೋ ಈಗ, ಎದ್ದಾಗಿನಿಂದ ಒದ್ದೇ ಇಲ್ಲ, ಹೊಟ್ಟೆಯೊಳಗೆ ಒಂದು ಗಳಿಗೆ ಸುಮ್ಮನಿರದ ಕೂಸು, ಗಂಡ ಅದಕ್ಕೆ ಒದೆಗಾರ ಎಂದೇ ಹೆಸರಿಟ್ಟಿದ್ದಾನೆ, ನಿನ್ನೆ ಉಣ್ಣುವಾಗ ಹೊಟ್ಟೆಯ ಮೇಲಿಟ್ಟ ತಟ್ಟೆ ಕುಣಿದಿತ್ತು, ನೋಡೇ, ಒದೆಗಾರಂಗೆ ನಿನ್ನ ಅಡುಗೆ ಹಿಡಿಸ್ಲಿಲ್ಲ, ಹಾಳಾದವನು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮೇಜಿನ ಮೇಲೆ ಕಲ್ಲಿನಲ್ಲಿ ಹುದುಗಿರುವ ಅಸ್ಥಿಪಂಜರ ನೋಡಲು ಹುಲ್ಲೆಯದೇ, ಆದರೆ ಹುಲ್ಲೆಯ ಬಳಗದ್ದಲ್ಲ, ಗಂಡುಗಳು ಮೂಗಿನ ಮೇಲೂ ಕೊಂಬು ಹೊತ್ತು ಮೆರೆದ ಕುಲ, ಹೇಳಹೆಸರಿಲ್ಲದೆ ಹೋಯಿತು, ಇದಕ್ಕೆ ಮೂಗಿನ ಕೊಂಬಿಲ್ಲ, ಹೆಣ್ಣು ಎಂದು ಮೇಲ್ವಿಚಾರಕರು ಸಪ್ಪಗಾಗಿದ್ದರು, ಈಗ ಪಕ್ಕೆಲುಬುಗಳ ಹಿಂದೆ, ಸೊಂಟದ ಮೂಳೆಯ ಮುಂದೆ ಇದೇನಿದು, ಸೊಪ್ಪು ತಿನ್ನುವ ಪ್ರಾಣಿ ಮೂಳೆ ನುಂಗಿತೇ, ಅವಳು ಊದಿದಳು, ದೂಳು ಹಾರಿತು, ಗೊರಸು, ಮಡಚಿದ ಪುಟ್ಟ ಕಾಲಿನ ತುದಿಗೆ ಅವಳ ಉಗುರಿನಷ್ಟು ಗೊರಸು. ಮೇಲ್ವಿಚಾರಕರು ಬಗ್ಗಿ ನೋಡಿದರು, ಹೊಟ್ಟೇಲೇ ಮರಿ ಇದೆಯಲ್ಲಮ್ಮ, ಲಾಟರಿ ಹೊಡೀತು ಬಿಡು, ಕ್ಯಾಮೆರಾ ತರ್ತೀನಿ, ಉದುರದ ಹಾಗೆ ಅಂಟು ಸವರಿಡು, ಒಣಗೋವರೆಗೂ ಮುಟ್ಟಬೇಡ.

ಸವರಿದಳು, ಮಧ್ಯಾಹ್ನ ಫೋನಿನಲ್ಲಿ ಅಮ್ಮ ಹೇಳಿದ್ದಳು, ತಣ್ಣೀರು ಕುಡಿದು ಎಡಮಗ್ಗುಲಿಗೆ ಮಲಗು, ಆಗಲೂ ಆಡ್ಲಿಲ್ಲ ಅಂದ್ರೆ ನಿಂತ ಕಾಲಲ್ಲೇ ಡಾಕ್ಟರ ಹತ್ರ ಓಡು, ಕೇಳಿಸ್ತಾ? ಕೇಳಿಸಿತ್ತು, ಕುಡಿದಿದ್ದಳು, ಮೂಲೆಯ ಪ್ಲಾಸ್ಟರ್ ಮೂಟೆಗಳ ಮೇಲೆ ಎಡಕ್ಕೆ ಮಲಗಿದ್ದಳು, ಏನೂ ಇಲ್ಲ, ಎದ್ದವಳು ಆಸ್ಪತ್ರೆಗೆ ಹೋಗುವುದು ಬಿಟ್ಟು ಮತ್ತೆ ಸೂಜಿ ಹಿಡಿದಿದ್ದಳು, ಯಾಕೆ, ಹೋದರೆ ಗೊತ್ತಾಗಿಬಿಡುತ್ತದೆ, ಇಲ್ಲಿ ಕೂತಿರುವಷ್ಟು ಹೊತ್ತು ಏನೂ ಆಗಿಲ್ಲ, ನಿದ್ದೆ ಮಾಡುತ್ತಿದೆ, ಒದ್ದೂ ಒದ್ದೂ ಸುಸ್ತಾಗಿದೆ ಪಾಪ, ಈ ಅಂಟು ಒಂದು ಒಣಗಲಿ, ಹಸಿಯಲ್ಲಿ ಬಿಟ್ಟುಹೋದರೆ ಬಿರುಕು ಬಿಡುತ್ತದೆ, ಒಣಗಿದ ಕೂಡಲೇ ಹೊರಟೆ, ದೇವರಾಣೆ ಹೊರಟೆ — ಮೇಜಿನ ಮೇಲಿನ ಈ ತಾಯಿಯೂ ಹೀಗೇ ಅಂದುಕೊಂಡಿತೇನೋ, ನೀರಿನಂಚಿನಲ್ಲಿ ಮಲಗಿ, ಇನ್ನೊಂದು ಚೂರು ಕಾಯೋಣ, ಅದಕ್ಕಾದರೆ ಓಡಲು ಆಸ್ಪತ್ರೆಯಿರಲಿಲ್ಲ, ನಿನಗೇನಾಗಿದೆಯೇ, ಏಳೇ, ಏಳು.

ಎದ್ದಳು, ಚೀಲ ಹೆಗಲಿಗೆ ಬಂತು, ಹೊಟ್ಟೆಯ ಮೇಲೆ ಅಂಗೈ ಊರಿದಳು, ಒದೆಗಾರ, ಏ ಒದೆಗಾರ, ಒಂದೇ ಒಂದು ಸಲ ಕಣೋ, ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿದೆ, ಅಮ್ಮನೇ, ಆಡ್ತಾ ಎಂದು ಕೇಳುತ್ತಾಳೆ, ಏನು ಹೇಳಲಿ, ಅಂಟು ಆಗಲೇ ಒಣಗಿದೆ, ಯಾವಾಗ ಒಣಗಿತೋ, ದೀಪದ ಕೆಳಗೆ ಹೊಳೆಯುತ್ತಿದೆ, ಉಗುರಿನಷ್ಟು ಗೊರಸು, ಮಡಚಿದ ಗೊರಸು, ಇನ್ನೇನು ಒದೆಯಬೇಕು ಎನ್ನುವಾಗಲೇ ಕಲ್ಲಾದದ್ದು —